ಹಾಳೆಗೆ ಹೊಂದಿಸಿದ ರ‍್ಯಾಂಪು

ಸೊಸೆ: ಎಂಟೂವರೆ ಅಡಿ, ಮಾವ! ಟೇಪಿನ ಆ ತುದಿ ಬಿಡಬೇಡಿ, ಇನ್ನೊಂದು ಸಲ ನೋಡ್ತೀನಿ. ಎಂಟೂವರೆನೇ! ನಾನು ಹಾಕಿದ್ದು ಹನ್ನೆರಡು.

ಮಾವ: ಹನ್ನೆರಡು ಅಂತ ಮನಸ್ಸಲ್ಲಿ ಹಾಕ್ಕೊಂಡಿರ್ಬೇಕು. ಹಾಳೆ ಮೇಲೆ ಇದ್ದಿದ್ದು ಎಂಟೂವರೆ.

ಸೊಸೆ: ಪಕ್ಕದಲ್ಲೇ ಅಂಕಿ ಬರೆದಿದ್ದೀನಲ್ಲ!

ಮಾವ: ಅಂಕಿ ಯಾವನು ನೋಡ್ತಾನೆ? ನಾನು ಗೆರೆ ಮೇಲೆ ಸ್ಕೇಲಿಟ್ಟೆ. ಒಂದಕ್ಕೆ ಇಪ್ಪತ್ತು ಅಂತ ನೀನೇ ಹೇಳಿದ್ದೆ. ಅಳೆದೆ, ಇಪ್ಪತ್ತರಿಂದ ಗುಣಿಸಿದೆ, ಕೊಯ್ದೆ. ನಲವತ್ತು ವರ್ಷದಿಂದ ಹಿಂಗೇ ಕೊಯ್ತಾ ಇದ್ದೀನಿ. ಒಂದು ಗೇಟು ವಾಪಸ್ ಬಂದಿದ್ರೆ ಹೇಳು.

ವರ್ಕ್‌ಶಾಪಿನ ನಡುವೆ ಹೊಸ ಕಬ್ಬಿಣದ ರ‍್ಯಾಂಪು ಮಲಗಿತ್ತು. ಬೆಸುಗೆ ಚೊಕ್ಕ, ಅಂಚು ನುಣುಪು, ಕೈಹಿಡಿ ಗಟ್ಟಿ. ಒಂದೇ ಕೊರತೆ: ಹನ್ನೆರಡು ಅಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಎತ್ತರ ಇರಬೇಕಾದದ್ದು ಎಲ್ಲ ಕಡೆಯಿಂದಲೂ ಕುಗ್ಗಿ ತನ್ನದೇ ಮರಿಯ ಹಾಗೆ ಕಾಣುತ್ತಿತ್ತು. ಊರಿನ ಲೈಬ್ರರಿಯ ಬಾಗಿಲಿಗೆ ಹಾಕಬೇಕಾದ ರ‍್ಯಾಂಪು ಅದು. ಗಾಲಿಕುರ್ಚಿಯ ಟೀಚರ್ ಒಬ್ಬರು ಹನ್ನೊಂದು ದಿನ ಧರಣಿ ಕೂತು ಗಿಟ್ಟಿಸಿದ್ದು. ನಾಳೆ ಬೆಳಗ್ಗೆ ಹತ್ತಕ್ಕೆ ಅಧಿಕಾರಿ ಬಂದು ನೋಡುತ್ತಾರೆ. ಸರಿಯಾಗಿ ಕೂತರೆ ಸರಿ. ಇಲ್ಲದಿದ್ದರೆ ‘ಒದಗಿಸಲಾಯಿತು, ಹೊಂದಲಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಆ ಕಚೇರಿಯಲ್ಲಿ ಚುರುಕಾಗಿ ನಡೆಯುವ ಕೆಲಸ ಅದೊಂದೇ.

ಸೊಸೆ: ಮಾಡೋವಾಗ ನಿಮಗೆ ಅನುಮಾನವೇ ಬರಲಿಲ್ವಾ? ಇಷ್ಟು ಗಿಡ್ಡ ಇದೆಯಲ್ಲ ಅಂತ?

ಮಾವ: ಬಂತು. ಜೋರಾಗೇ ಬಂತು. ಆದ್ರೆ ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ ಮೂರು ತಿಂಗಳಿಂದ ತಲೆ ತಿಂತಾ ಇರೋಳು ಯಾರು? ಅದು ಎಂಟೂವರೆ ಅಂದ ಮೇಲೆ ಕೇಳೋಕೆ ನಾನ್ಯಾರು ಅಂದ್ಕೊಂಡೆ.

ಸೊಸೆ: ಒಟ್ನಲ್ಲಿ ಬೇಕಂತಲೇ ಮಾಡಿದ್ರಿ.

ಮಾವ: ವಿಧೇಯನಾಗಿ ಮಾಡಿದೆ.

ಸೊಸೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಮೌಸಿನ ಮೇಲಿನ ಕಬ್ಬಿಣದ ಪುಡಿ ಊದಿದಳು. ಪರದೆಯ ಮೇಲೆ ರ‍್ಯಾಂಪು ಗೋಡೆ, ಬಾಗಿಲುಗಳ ಸಮೇತ ಎದ್ದು ನಿಂತು ಸುತ್ತ ತಿರುಗಿತು. ಪ್ರಿಂಟ್ ಮಾಡುವ ಜಾಗಕ್ಕೆ ಹೋದವಳು ಅಲ್ಲೇ ತಣ್ಣಗಾದಳು.

ಮಾವ: ಯಾಕಮ್ಮಾ, ಮಾತು ನಿಂತೋಯ್ತು?

ಸೊಸೆ: ಏನಿಲ್ಲ. ಡ್ರಾಯಿಂಗ್ ದೊಡ್ಡ ಹಾಳೆಗೆ ಇತ್ತು. ನಮ್ಮ ಪ್ರಿಂಟರ್‌ಗೆ ಸಣ್ಣ ಹಾಳೆ ಮಾತ್ರ ಹಿಡಿಸೋದು. ಅದಕ್ಕೆ ‘ಹಾಳೆಗೆ ಹೊಂದಿಸು’ ಅಂತ ಒಂದು ಟಿಕ್ ಹಾಕಿದ್ದೆ.

ಮಾವ: ಹೊಂದಿಸು ಅಂದ್ರೆ?

ಸೊಸೆ: ಚೂರು ಕುಗ್ಗಿಸಿ ಕೂರಿಸುತ್ತೆ.

ಮಾವ: ಚೂರು! ಹನ್ನೆರಡಡಿ ಎಂಟೂವರೆ ಆಗೋದು ನಿನ್ನ ಲೆಕ್ಕದಲ್ಲಿ ಚೂರಾ? ನನ್ನ ಪ್ಯಾಂಟು ಯಾವನಾದ್ರೂ ಹೀಗೆ ಚೂರು ಕುಗ್ಗಿಸಿದ್ರೆ ನಾನು ಬೀದಿಗೆ ಬರೋ ಹಾಗಿರ್ತಿತ್ತಾ?

ಸೊಸೆ: ಟಿಕ್ ಹಾಕಿದ್ದು ನನ್ನ ತಪ್ಪು, ಒಪ್ಪಿದೆ. ಅಂಕಿ ಓದದೆ ಗೆರೆ ಅಳೆದಿದ್ದು ಯಾರ ತಪ್ಪು?

ಮಾವ: ನಿನ್ನ ಅಂಕಿ ಅಂಕಿಯ ಹಾಗಿದ್ರೆ ತಾನೆ ಓದೋದು! ನಿನ್ನ ಪರದೆ ನೋಡು, ಮೂರು ಸಾವಿರದ ಆರುನೂರ ಐವತ್ತೆಂಟು. ಇದೇನು ರ‍್ಯಾಂಪೋ, ಪಕ್ಕದ ಜಿಲ್ಲೆಗೆ ಹೋಗೋ ರಸ್ತೆಯೋ?

ಸೊಸೆ: ಅದು ಮಿಲಿಮೀಟರ್ ಮಾವ.

ಮಾವ: ಅಡಿಯಲ್ಲಿ ಹಾಕು. ನನಗೆ ಅಡಿ ಬೇಕು.

ಸೊಸೆ ಅಳತೆಯ ಸೆಟ್ಟಿಂಗಿಗೆ ಹೋಗಿ ಮಿಲಿಮೀಟರ್ ತೆಗೆದು ಅಡಿ ಮಾಡಿದಳು. ಪರದೆಯ ಮೇಲಿನ ಅಂಕಿಗಳೆಲ್ಲ ಒಮ್ಮೆ ಮೈಕೊಡವಿ ಬದಲಾದವು. ಮಾವ ದೂರದಿಂದಲೇ ಪರದೆ ನೋಡಿದರು.

ಮಾವ: ಹನ್ನೆರಡು. ಸರಿ. ಅದರ ಹಿಂದೆ ಚುಕ್ಕೆ ಇಟ್ಟು ಆರು ಸೊನ್ನೆ ಯಾಕೆ ಮೆರವಣಿಗೆ ಹೊರಟಿವೆ?

ಸೊಸೆ: ನಿಖರತೆ ಅಂತ ಅದು. ಕೂದಲಿನಷ್ಟೂ ತಪ್ಪಾಗಬಾರದು ಅಂತ.

ಮಾವ: ನನ್ನ ಗ್ರೈಂಡರಿನ ಬ್ಲೇಡು ಒಂದು ಸಲ ಕೊಯ್ದರೆ ಮೂರು ಮಿಲಿಮೀಟರ್ ತಿಂದು ಹಾಕುತ್ತೆ. ಅದಕ್ಕೆ ಹೋಗಿ ಹೇಳು ಈ ಆರು ಸೊನ್ನೆ ಕಥೆನ.

ಸೊಸೆ: ಸರಿ, ಸೊನ್ನೆ ತೆಗೆದೆ. ಈಗ ಹಾಳೆ ಬರುತ್ತೆ ನೋಡಿ. ಗೆರೆ ಮುಟ್ಟಬೇಡಿ, ಅಂಕಿ ಓದಿ.

ಪ್ರಿಂಟರ್ ಕೆಮ್ಮಿ ಒಂದು ಹಾಳೆ ಉಗುಳಿತು. ಮಾವ ಅದನ್ನು ಮೂಗಿನ ಹತ್ತಿರ ಹಿಡಿದರು, ಕೈ ಚಾಚಿ ದೂರ ಹಿಡಿದರು, ಬಾಗಿಲ ಬೆಳಕಿಗೆ ಹೋಗಿ ನಿಂತರು. ಅಷ್ಟಾದ ಮೇಲೆ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದರು.

ಸೊಸೆ: ಮತ್ತೆ ಸ್ಕೇಲಾ!

ಮಾವ: ಅಭ್ಯಾಸ ಕಣಮ್ಮಾ. ಅಲ್ಲದೆ ಅಂಕಿನ ಸಾಸಿವೆ ಕಾಳಿನ ಹಾಗೆ ಮಾಡಿಟ್ಟಿದ್ದೀಯ. ಇಲ್ಲಿ ಬೆಳಕೂ ಸಾಲದು.

ಸೊಸೆ: ಬೆಳಕು ಸಾಲದಾ? ಮೇಲೆ ಎರಡು ಟ್ಯೂಬ್‌ಲೈಟು, ಎದುರಿಗೆ ಸೂರ್ಯ!

ಮಾವ: ದೊಡ್ಡದು ಮಾಡು ಅಂದ್ರೆ ಮಾಡು.

ಅವಳು ಅಕ್ಷರದ ಎತ್ತರವನ್ನು ನಾಲ್ಕು ಪಟ್ಟು ಮಾಡಿದಳು. ಮುಂದಿನ ಹಾಳೆಯಲ್ಲಿ ಅಂಕಿಗಳು ಸಂತೆಗೆ ನುಗ್ಗಿದ ಹೋರಿಗಳ ಹಾಗೆ ಒಂದರ ಮೇಲೊಂದು ಏರಿ ನಿಂತಿದ್ದವು. ನಾಲ್ಕರ ಹೊಟ್ಟೆಯೊಳಗೆ ಹನ್ನೆರಡು ಕೂತಿತ್ತು.

ಮಾವ: ಅಂಕಿ ಬಂತು. ರ‍್ಯಾಂಪೆಲ್ಲಿ?

ಸೊಸೆ: ಅದರಡಿಯಲ್ಲಿದೆ.

ಮಾವ: ನೋಡು, ಒಂದು ಮಾತು ಕೇಳು. ಕುಗ್ಗಿಸೋದೂ ಬೇಡ, ಹಿಗ್ಗಿಸೋದೂ ಬೇಡ, ಗುಣಾಕಾರನೂ ಬೇಡ. ಇದ್ದಷ್ಟು ಅಳತೇಲೇ ತೆಗೆದುಕೊಡು. ಒಂದಕ್ಕೆ ಒಂದು. ನಾನು ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಳ್ತಿದ್ನಲ್ಲ, ಹಂಗೆ. ಕಬ್ಬಿಣ ಅದರ ಮೇಲಿಟ್ಟು ಗುರುತು ಹಾಕ್ಕೊಳ್ತೀನಿ.

ಸೊಸೆ: ಒಂದಕ್ಕೆ ಒಂದಾ? ಮಾವ, ಅದು ಹಾಳೆಗೆ...

ಮಾವ: ಹೊಂದಿಸಬೇಡ! ಆ ಪದ ಇನ್ನೊಂದು ಸಲ ನನ್ನ ಮುಂದೆ ಎತ್ತಬೇಡ.

ಸೊಸೆ ಹಲ್ಲು ಕಚ್ಚಿ ಸ್ಕೇಲಿನ ಜಾಗದಲ್ಲಿ ಒಂದಕ್ಕೆ ಒಂದು ಎಂದು ಹಾಕಿ, ‘ತುಂಡು ತುಂಡಾಗಿ ಮುದ್ರಿಸು’ ಎಂಬುದನ್ನು ಒತ್ತಿದಳು. ಮೊದಲ ಹಾಳೆ ಬಂತು: ಪೂರ್ತಿ ಖಾಲಿ. ಎರಡನೆಯದರಲ್ಲಿ ಮೂಲೆಯಲ್ಲೊಂದು ಗೆರೆ. ಮೂರು, ನಾಲ್ಕು, ಒಂಬತ್ತು.

ಮಾವ: ಇದು ಎಷ್ಟರ ತನಕ ಹಡೆಯುತ್ತೆ?

ಸೊಸೆ: ಎಪ್ಪತ್ತೆಂಟು ಅಂತ ತೋರಿಸ್ತಿದೆ.

ಮಾವ: ನಿಲ್ಸೇ ಮಾರಾಯ್ತಿ!

ಸೊಸೆ: ನಿಲ್ತಿಲ್ಲ! ಹಠಕ್ಕೆ ಬಿದ್ದಿದೆ, ನಿಮ್ಮ ಹಾಗೇ!

ಮಾವ ಪ್ಲಗ್ಗಿನ ತಂತಿಯನ್ನೇ ಹಿಡಿದು ಎಳೆದರು. ಹಾಳೆಗಳು ನೆಲದ ತುಂಬ ಹರಡಿದ್ದವು. ಸರಿಯಾಗಿ ಆಗಲೇ ಬಾಗಿಲಲ್ಲಿ ಗಾಲಿಕುರ್ಚಿಯ ಚಕ್ರ ಕಿರುಗುಟ್ಟಿತು. ರ‍್ಯಾಂಪನ್ನು ಹತ್ತಿ ನೋಡಿ ಹೋಗಲು ಟೀಚರ್ ಬಂದಿದ್ದರು. ನರೆತ ಕೂದಲು, ಕೊರಳಲ್ಲಿ ದಾರಕ್ಕೆ ತೂಗುಬಿಟ್ಟ ಓದುವ ಕನ್ನಡಕ, ಘೋಷಣೆ ಕೂಗಿ ಕೂಗಿ ಒರಟಾದ ದನಿ.

ಟೀಚರ್: ಏನ್ ಮೇಸ್ತ್ರಿ, ಪರೀಕ್ಷೆ ಪೇಪರ್ ತಿದ್ತಾ ಇದ್ದೀರಾ? ನನ್ನ ರ‍್ಯಾಂಪೆಲ್ಲಿ?

ಇಬ್ಬರೂ ಒಟ್ಟಿಗೆ ರ‍್ಯಾಂಪಿನ ಮುಂದೆ ಅಡ್ಡ ನಿಂತರು. ಅಷ್ಟು ಚಿಕ್ಕ ರ‍್ಯಾಂಪಿಗೆ ಇಬ್ಬರು ಸಾಕಿತ್ತು.

ಟೀಚರ್: ಪಕ್ಕಕ್ಕೆ ಸರೀರಿ. ಲಾಠಿ ಹಿಡಿದೋರನ್ನೇ ಸರಿಸಿದೋಳು ನಾನು. ಓ! ಇದೇನು, ನನ್ನದಾ, ಬೆಕ್ಕಿಂದಾ?

ಸೊಸೆ: ಮೇಡಂ, ಪ್ರಿಂಟ್ ಕುಗ್ಗಿತ್ತು. ಮಾವ ಅಂಕಿ ಓದಲಿಲ್ಲ.

ಮಾವ: ಇವಳು ಅಂಕಿ ಕಾಣೋ ಹಾಗೆ ಹಾಕಲಿಲ್ಲ.

ಟೀಚರ್: ಕೊಡಿ ಇಲ್ಲಿ ಆ ಹಾಳೆ. ಮೇಸ್ತ್ರಿ, ಉದ್ದ ಎಷ್ಟು ಅಂತ ಬರೆದಿದೆ? ಓದಿ.

ಟೀಚರ್ ಸಣ್ಣ ಅಕ್ಷರದ ಹಾಳೆಯನ್ನು ಎತ್ತಿ ಹಿಡಿದರು.

ಮಾವ: ಹನ್ನೆರಡು. ಸ್ಪಷ್ಟವಾಗಿದೆ.

ಟೀಚರ್: ಹಾಳೆ ತಲೆಕೆಳಗಾಗಿ ಹಿಡಿದಿದ್ದೀನಿ ಮೇಸ್ತ್ರಿ.

ಸೊಸೆ ಮಾವನ ಮುಖ ನೋಡಿದಳು. ಮಾವ ವೆಲ್ಡಿಂಗ್ ಮೆಷಿನ್ನಿನ ಮುಖ ನೋಡಿದರು.

ಸೊಸೆ: ಮಾವ! ಕಣ್ಣು ಕಾಣಲ್ವಾ ನಿಮಗೆ?

ಮಾವ: ಕಾಣುತ್ತೆ. ದೂರದ್ದೆಲ್ಲ ಕಾಣುತ್ತೆ. ಬೀದಿ ತುದೀಲಿ ಯಾರು ಜಗಳ ಆಡ್ತಿದ್ದಾರೆ ಅಂತ ಇಲ್ಲೇ ನಿಂತು ಹೇಳ್ತೀನಿ. ಹತ್ತಿರದ್ದು ಮಾತ್ರ ಸ್ವಲ್ಪ ಮಬ್ಬು.

ಸೊಸೆ: ಎಷ್ಟು ದಿನದಿಂದ?

ಮಾವ: ಒಂದೆರಡು ವರ್ಷ ಆಗಿರಬಹುದು. ಸ್ಕೇಲಿನ ಗೀಟಾದ್ರೆ ಉಗುರಲ್ಲಿ ಮುಟ್ಟಿ ಎಣಿಸಬಹುದು. ನಿನ್ನ ಅಂಕಿ ಉಗುರಿಗೆ ಸಿಗಲ್ಲ.

ಸೊಸೆ: ಒಂದು ಮಾತು ಹೇಳೋದಕ್ಕೇನಾಗಿತ್ತು!

ಮಾವ: ಹೇಳಿದ್ರೆ ಗ್ರೈಂಡರ್ ಕಿತ್ಕೊಂಡು ಮನೇಲಿ ಕೂರಿಸ್ತೀರಿ. ನಿನ್ನ ಅತ್ತೆ ಅದಕ್ಕೇ ಕಾಯ್ತಾ ಇದ್ದಾಳೆ.

ಟೀಚರ್: ಮುಗೀತಾ ಗೋಳು? ನಾನು ನಡೆಯೋಕಾಗಲ್ಲ ಅಂತ ಚಕ್ರ ಹಾಕ್ಕೊಂಡಿಲ್ವಾ? ನೀವು ಮೂಗಿನ ಮೇಲೆ ಎರಡು ಗಾಜು ಇಡೋಕೆ ಇಷ್ಟು ರಂಪ. ತಗೊಳ್ಳಿ.

ಕೊರಳಿನ ಕನ್ನಡಕ ಬಿಚ್ಚಿ ಕೊಟ್ಟರು. ಮಾವ ಅದನ್ನು ಸುಡುವ ಕಬ್ಬಿಣ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಮೂಗಿಗೆ ಏರಿಸಿದರು. ಹಾಳೆ ನೇರ ಮಾಡಿಕೊಂಡರು.

ಮಾವ: ಈ ಮೂಲೇಲಿ ಏನೋ ಬರೆದಿದೆ. ‘ಗೆರೆಯ ಮೇಲೆ ಸ್ಕೇಲು ಇಟ್ಟು ಅಳೆಯಬೇಡಿ. ಅಂಕಿಯನ್ನೇ ಅನುಸರಿಸಿ.’ ಇದನ್ನ ಈಗ ತುರುಕಿದ್ಯಾ?

ಸೊಸೆ: ಮೂರು ತಿಂಗಳಿಂದ ಪ್ರತಿ ಹಾಳೆ ಮೇಲೂ ಇದೆ ಮಾವ. ಮೊದಲ ದಿನ ಸೆಟ್ಟಿಂಗ್ ಮಾಡುವಾಗಲೇ ಹಾಕಿದ್ದು.

ಟೀಚರ್ ಗಹಗಹಿಸಿ ನಕ್ಕರು. ಸೊಸೆ ಗೆದ್ದವಳ ಹಾಗೆ ಕುರ್ಚಿಗೆ ಒರಗಿದಳು. ಮಾವ ಮಾತ್ರ ಓದುವುದನ್ನು ಬಿಡಲಿಲ್ಲ. ಎರಡು ವರ್ಷದ ಬಾಕಿ ಓದು.

ಮಾವ: ಈ ಬಾಗಿಲ ಮುಂದೆ ಕುಡುಗೋಲಿನ ಹಾಗೆ ಬಾಗಿದ ಗೆರೆ ಏನು?

ಸೊಸೆ: ಬಾಗಿಲು ತೆರೆಯೋ ದಾರಿ. ಮೂರು ಅಡಿ.

ಮಾವ: ಹೊರಗಡೆಗೆ ತೆರೆಯುತ್ತಾ?

ಸೊಸೆ: ಹೂಂ. ನಾನೇ ಹೋಗಿ ಅಳೆದು ಬಂದಿದ್ದೀನಿ.

ಮಾವ: ಹಂಗಾದ್ರೆ ಅದು ಬಂದು ನಿಲ್ಲೋದು ರ‍್ಯಾಂಪಿನ ಮೇಲೇನೇ.

ಸೊಸೆ: ಹೂಂ, ರ‍್ಯಾಂಪಿನ...

ಅಲ್ಲಿಗೆ ಅವಳ ಒರಗುವಿಕೆ ಮುಗಿಯಿತು. ನೆಟ್ಟಗೆ ಕೂತಳು.

ಟೀಚರ್: ಅಂದ್ರೆ ನಾನು ಮೇಲೆ ಹತ್ತಿ ಬಾಗಿಲು ಎಳೆದ್ರೆ?

ಮಾವ: ಬಾಗಿಲು ನಿಮ್ಮನ್ನ ತಳ್ಳಿಕೊಂಡು ಬಂದು ಮತ್ತೆ ಧರಣಿ ಕೂತ ಜಾಗಕ್ಕೇ ಬಿಡುತ್ತೆ. ಮೇಲುಗಡೆ ಕುರ್ಚಿ ನಿಲ್ಲಿಸ್ಕೊಳ್ಳೋಕೆ ಐದಡಿ ಸಮತಟ್ಟು ಬೇಕಾಗಿತ್ತು. ಕಂಪ್ಯೂಟರ್ ಹೇಳಲಿಲ್ವೇನಮ್ಮಾ?

ಸೊಸೆ: ಅದಕ್ಕೆ ಬಾಗಿಲೂ ಗೊತ್ತು, ರ‍್ಯಾಂಪೂ ಗೊತ್ತು ಮಾವ. ಮಧ್ಯೆ ಮನುಷ್ಯರು ಇರ್ತಾರೆ ಅಂತ ಗೊತ್ತಿಲ್ಲ.

ಮಾವ: ನಾನು ನಿನ್ನ ಹಾಳೆ ಪ್ರಕಾರ ಕರಾರುವಾಕ್ಕಾಗಿ ಮಾಡಿದ್ರೂ ನಾಳೆ ಮರ್ಯಾದೆ ಹೋಗ್ತಿತ್ತು. ಎಂಟೂವರೆಗೆ ಕೊಯ್ದಿದ್ದೇ ಒಳ್ಳೇದಾಯ್ತು.

ಸೊಸೆ: ಅದನ್ನೂ ಜಾಣತನ ಅಂತ ಸೇರಿಸ್ಕೊಳ್ತಿದ್ದೀರಾ?

ಟೀಚರ್: ನಾಳೆ ಹತ್ತಕ್ಕೆ ಆಗುತ್ತೋ ಇಲ್ವೋ, ಅದು ಹೇಳಿ. ಇನ್ನೊಂದು ಹನ್ನೊಂದು ದಿನ ಕೂರೋಕೆ ನನಗೇನೂ ಬೇಜಾರಿಲ್ಲ. ಆದ್ರೆ ಆ ಅಧಿಕಾರಿ ಮುಖ ಮತ್ತೆ ದಿನಾ ನೋಡಬೇಕಲ್ಲ.

ಮಾವ: ಕಬ್ಬಿಣ ಇದೆ, ಕೈ ಇದೆ, ಕಣ್ಣು ಈಗ ಬಂತು. ಸಂಜೆಗೆ ನಿಲ್ಲಿಸ್ತೀನಿ. ಏ, ನೀನು ಅದರಲ್ಲಿ ಐದಡಿ ಸಮತಟ್ಟು ಸೇರಿಸಿ ಒಂದೊಂದೇ ಅಳತೆ ಗಟ್ಟಿಯಾಗಿ ಕೂಗು. ನಾನು ನೆಲದ ಮೇಲೆ ಬರ್ಕೊಳ್ತೀನಿ, ನೀನು ಬಂದು ಟೇಪು ಹಿಡಿದು ನೋಡು. ಪ್ರಿಂಟರ್ ಪ್ಲಗ್ಗು ಮಾತ್ರ ಮುಟ್ಟಬೇಡ.

ಸೊಸೆ ಕೂಗಿದಳು, ಮಾವ ಸೀಮೆಸುಣ್ಣದಲ್ಲಿ ಗೀಚಿದರು. ಒಂದು ಕಡೆ ಅವಳು ಹೇಳಿದ್ದಕ್ಕಿಂತ ಕಾಲು ಇಂಚು ಜಾಸ್ತಿ ಬಂದದ್ದಕ್ಕೆ ಐದು ನಿಮಿಷ ಜಗಳವಾಯಿತು. ಕೊನೆಗೆ ಮಾವ ಮರಿ ರ‍್ಯಾಂಪನ್ನು ಕೊಯ್ದು ದಾರಿ ಖಾಲಿ ಮಾಡಲೆಂದು ಗ್ರೈಂಡರ್ ಎತ್ತಿದರು.

ಟೀಚರ್: ತಡೀರಿ! ಅದರ ಎತ್ತರ ಎಷ್ಟು?

ಸೊಸೆ: ಎಂಟೂವರೆ ಇಂಚು. ಇಳಿಜಾರು ಮಾತ್ರ ಸರಿಯಾಗೇ ಇದೆ ಮೇಡಂ, ಎಲ್ಲ ಒಂದೇ ಸಮ ಕುಗ್ಗಿದೆಯಲ್ಲ. ಅಗಲ ಎರಡಡಿ ಹತ್ತಿಂಚು.

ಟೀಚರ್ ಕುರ್ಚಿಯನ್ನು ಅದರ ಮೇಲೆ ಹತ್ತಿಸಿದರು. ಎರಡೂ ಚಕ್ರಕ್ಕೆ ಜಾಗ ಹಿಡಿಯಿತು. ಮೇಲೆ ಹೋಗಿ ಕುರ್ಚಿ ನಿಲ್ಲಿಸಿ ಗೋಡೆಯನ್ನೇ ಏನೋ ಯೋಚಿಸುತ್ತ ನೋಡಿದರು.

ಟೀಚರ್: ಇದನ್ನ ಕೊಯ್ಬೇಡಿ. ಆ ಅಧಿಕಾರಿ ಕೋಣೆಗೆ ಒಂದೇ ಒಂದು ಮೆಟ್ಟಿಲಿದೆ. ಎಂಟೂವರೆ ಇಂಚು.

ಮಾವ: ನೀವು ಅಳೆದಿದ್ದೀರಾ?

ಟೀಚರ್: ಮನವಿ ಹಿಡ್ಕೊಂಡು ಆ ಮೆಟ್ಟಿಲಿನ ಎದುರಿಗೆ ಎಷ್ಟು ಸಲ ಕಾದಿದ್ದೀನಿ. ಬೇರೆ ಮಾಡೋಕೆ ಏನಿತ್ತು, ಅಳೆದೆ. ಪ್ರತಿ ಸಲ ಆತ ಹೊರಗೆ ಬಂದು ‘ನೋಡೋಣ’ ಅಂತ ಹೇಳಿ ಒಳಗೆ ಹೋಗಿಬಿಡ್ತಿದ್ದ. ಹಿಂದೆ ಬರೋಕಾಗಲ್ಲ ಇವಳಿಗೆ ಅನ್ನೋ ಧೈರ್ಯ. ನಾಳೆ ಆತ ಲೈಬ್ರರಿಗೆ ಹೊರಟ ಮೇಲೆ ಇದನ್ನ ಅಲ್ಲಿಟ್ಟು ಬಂದುಬಿಡಿ. ಬಾಗಿಲು ಒಳಕ್ಕೇ ತೆರೆಯುತ್ತೆ, ಅದನ್ನೂ ನೋಡಿಟ್ಟಿದ್ದೀನಿ.

ಮಾವ: ಅಯ್ಯೋ ಟೀಚರಮ್ಮ, ಮಂಜೂರಾತಿ ಇಲ್ಲದೆ ಸರ್ಕಾರಿ ಕೋಣೆ ಮುಂದೆ ಹೆಂಗೆ ಇಡೋದು?

ಟೀಚರ್: ಆ ಮಂಜೂರಾತಿ ಕೇಳೋಕೇ ತಾನೆ ನಾನು ಒಳಗೆ ಹೋಗೋದು.