ಗೀರು ಬೀಳದ ಗಿಟಾರು

"ಎಸಿಯೋ ಪಾಲಾಕ್ಷ, ಧೈರ್ಯವಾಗಿ ಎಸಿ!" ಎಂದರು ಸೋಮಸುಂದರ ಮೇಷ್ಟ್ರು.

ಪಾಲಾಕ್ಷನ ಕೈಯಲ್ಲಿ ಬೀರುವಿನ ಬೀಗದ ಕೈಗೊಂಚಲಿತ್ತು. ಎದುರಿಗೆ, ಅಕ್ಕನ ಮನೆಯ ನಡುಮನೆಯಲ್ಲಿ, ಹೂವಿನ ಹಾರ ಹಾಕಿಕೊಂಡು ಮಣೆಯ ಮೇಲೆ ನಿಂತಿತ್ತು ಅವನ ಬೇಸ್ ಗಿಟಾರು. ಮಗುವಿನ ಹಾಗೆ ಸಾಕಿದ ವಾದ್ಯಕ್ಕೆ ಕಬ್ಬಿಣ ಎಸೆಯುವುದೆಂದರೆ ಸುಮ್ಮನೆಯೆ? ಕಣ್ಣು ಮುಚ್ಚಿಕೊಂಡು ಎಸೆದ. ಗೊಂಚಲು ಗಿಟಾರಿಗೆ ಇನ್ನೊಂದು ಗೇಣಿದೆ ಎನ್ನುವಾಗ ಗಾಳಿಯಲ್ಲೇ ಗಕ್ಕನೆ ನಿಂತು, ಯಾರೋ ಒದ್ದ ಹಾಗೆ ಹಿಂದಕ್ಕೆ ಹಾರಿ, ಅಡುಗೆಮನೆಯ ಬಾಗಿಲು ದಾಟಿ ಸಾರಿನ ಪಾತ್ರೆಗೆ ಬಿತ್ತು.

"ಸಾರು ಹೋಯ್ತು," ಎಂದಳು ಗಿರಿಜಕ್ಕ.

"ಗಿಟಾರು ಉಳೀತು ನೋಡು," ಎಂದರು ಅವಳ ಗಂಡ. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಕಂಡುಹಿಡಿಯುವ ಚಟ ಹತ್ತಿತ್ತು. ಸೊಳ್ಳೆ ಓಡಿಸುವ ಫ್ಯಾನು ಮಾಡಿದರು, ಹಿಂದಿನ ಬೀದಿಯ ಸೊಳ್ಳೆಗಳೆಲ್ಲ ಗಾಳಿ ತಗೊಳ್ಳಲು ಇಲ್ಲಿಗೇ ಬಂದವು. ತುಮಕೂರಿನಲ್ಲಿ ಅವರ ಯಂತ್ರವನ್ನು ಕೇಳಿ ಪಡೆದವರು ಯಾರೂ ಇರಲಿಲ್ಲ. ಪಾಲಾಕ್ಷನೇ ಮೊದಲಿಗ, ಅದೂ ಬೇರೆ ದಾರಿ ಇಲ್ಲದೆ.

ಬೇಸ್ ಗಿಟಾರಿನ ತಂತಿಗಳ ಕೆಳಗೆ, ಮರದ ಮೈಮೇಲೆ, ಒಂದು ತೆಳು ತಟ್ಟೆ ಇರುತ್ತದೆ. ಉಗುರು ಉಂಗುರ ತಾಗಿ ಮರಕ್ಕೆ ಗೀರು ಬೀಳದಿರಲಿ ಅಂತ. ಪಿಕ್‌ಗಾರ್ಡ್ ಎನ್ನುತ್ತಾರೆ. ಪಾಲಾಕ್ಷನ ಗಿಟಾರಿನಲ್ಲಿ ಅದು ಸೀಳುಬಿಟ್ಟು, ಸ್ಕ್ರೂ ಸಡಿಲವಾಗಿ, ಮೀಟಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಬೇಸಿನ ಸದ್ದು ಮೊದಲೇ ಯಾರ ಕಿವಿಗೂ ಬೀಳದ್ದು, ಈ ಕಟಕಟ ಮಾತ್ರ ಮದುವೆಮನೆಯ ಊಟದ ಪಂಕ್ತಿಯವರೆಗೂ ಕೇಳುತ್ತಿತ್ತು. ಅವನು ನುಡಿಸುತ್ತಿದ್ದ 'ಕಲಕಲ ಮೆಲೋಡೀಸ್' ಆರ್ಕೆಸ್ಟ್ರಾದ ಲೀಡರ್ ಚಂದ್ರಕಾಂತ ಕೀಬೋರ್ಡಿನವನು. ಒಳ್ಳೆಯ ಹುಡುಗ, ಆದರೆ ಖಡಾಖಂಡಿತ. ಭಾನುವಾರದ ರಿಸೆಪ್ಷನ್ನಿನಲ್ಲೂ ಬೇಸ್ ಸರಿಯಾಗಿ ಕೇಳದಿದ್ದರೆ ಇನ್ನು ಮುಂದೆ ಅದನ್ನು ಕೀಬೋರ್ಡಿನಲ್ಲಿ ತಾನೇ ಎಡಗೈಯಲ್ಲಿ ಬಾರಿಸಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿಬಿಟ್ಟಿದ್ದ. ಪಾಲಾಕ್ಷ ಬೇಜಾರು ಮಾಡಿಕೊಳ್ಳಲಿಲ್ಲ, ಊಟ ಬಿಟ್ಟ. ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಪರರ ಕಾಗದಕ್ಕೆ ನಕಲು ತೆಗೆಯುವವನಿಗೆ ತನ್ನದು ಅಂತ ಇದ್ದದ್ದು ಆ ನಾಲ್ಕು ತಂತಿ ಮಾತ್ರ.

ವಿಷಯ ತಿಳಿದ ಮೇಷ್ಟ್ರು ಅವತ್ತೇ ತಂತಿ ಸಡಿಲಿಸಿ, ಹಳೆ ತಟ್ಟೆ ಬಿಚ್ಚಿ, ಕ್ಯಾಲೆಂಡರಿನ ಹಿಂಬದಿಯಲ್ಲಿಟ್ಟು ಅಂಚು ಗೀಚಿ, ಅದೇ ಆಕಾರಕ್ಕೆ ಹೊಸದೊಂದನ್ನು ಕೊರೆದರು. ಮುತ್ತಿನಂತೆ ಹೊಳೆಯುವ ತಟ್ಟೆ. ಒಳಗೆ ಕಿವಿ ಮಿಷನ್ನಿನ ಬ್ಯಾಟರಿ, ಒಂದಿಷ್ಟು ಬುದ್ಧಿ.

"ಗುಂಡಿ ಒತ್ತಿದ ಮೊದಲನೇ ಗಂಟೆ ಇದು ಬರೀ ಕಲಿಯುತ್ತೆ," ಎಂದು ಮೇಷ್ಟ್ರು ವಿವರಿಸಿದ್ದರು. ಆ ಹೊತ್ತಿನಲ್ಲಿ ಗಿಟಾರನ್ನು ಹೇಗೆ ಮುಟ್ಟುತ್ತಾರೋ ಅದೇ ಸರಿಯಾದ ಮುಟ್ಟುವಿಕೆ. ಬೇರೆ ಥರ ಏನೇ ಹತ್ತಿರ ಬಂದರೂ ಶತ್ರು. ಶತ್ರುವನ್ನು ಕಣ್ಣಿಗೆ ಕಾಣದ ಅಲೆಯಿಂದ ತಳ್ಳುತ್ತದೆ. ತಂತಿಗಳನ್ನೂ ಅದೇ ಅಲೆ ಬಿಗಿಹಿಡಿದಿರುತ್ತದೆ. ಮಿತ್ರನ ಕೈ ಸೋಕಿದ ತಕ್ಷಣ ಬಿಟ್ಟುಕೊಡುತ್ತದೆ, ಆಗ ನಾದ ಹತ್ತು ಪಟ್ಟು.

ಗುಂಡಿ ಒತ್ತಿದ್ದೂ ಆಯಿತು, ಪಾಲಾಕ್ಷ ನುಡಿಸಲು ಅಂಗಿಯ ತೋಳು ಮಡಿಸಿದ್ದೂ ಆಯಿತು. ಅಷ್ಟರಲ್ಲಿ ಗಿರಿಜಕ್ಕ ಅಡ್ಡ ಬಂದಳು. ಮಿಕ್ಸಿಯಿಂದ ಮೊಪೆಡ್ಡಿನವರೆಗೆ ಆ ಮನೆಯ ಯಾವ ಹೊಸ ವಸ್ತುವೂ ಪೂಜೆಯಾಗದೆ ಕೆಲಸ ಶುರುಮಾಡಿದ್ದಿಲ್ಲ. ತಟ್ಟೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು, ಹೂ ಏರಿಸಿದಳು, ಗಂಟೆ ಆಡಿಸಿ ಕರ್ಪೂರ ಬೆಳಗಿದಳು. ಅಕ್ಕಪಕ್ಕದವರೂ ಬಂದು ಗಿಟಾರನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು ಚರುಪಿನ ಪ್ರಸಾದ ತಿಂದು ಹೋದರು. ಅಲ್ಲಿಗೆ ಕಲಿಯುವ ಒಂದು ಗಂಟೆ ಮುಗಿಯಿತು. ಇನ್ನಾದರೂ ನುಡಿಸೋಣ ಅಂದರೆ, ಪೂಜೆ ಮಾಡಿದ ಆಯುಧವನ್ನು ಅವತ್ತೇ ಬಳಸುವವರು ಯಾವ ಸೀಮೆಯವರು ಅಂತ ಅಕ್ಕ ಗದರಿದಳು. ಆಮೇಲೆಯೇ ಬೀಗದ ಕೈ ಎಸೆದದ್ದು, ಸಾರು ಕೆಟ್ಟದ್ದು. ತಟ್ಟೆ ಎಲ್ಲರ ಕೈಯ ಗುರುತನ್ನೂ ಕಲಿತುಕೊಂಡಿದೆ ಅಂತ ಮೇಷ್ಟ್ರು ಬೀಗಿದರು. ಮಣೆಗೆ ಎತ್ತಿಟ್ಟದ್ದನ್ನೂ ತಟ್ಟೆ ಕಲಿತಿತ್ತು, ಗಿಟಾರು ತಕರಾರಿಲ್ಲದೆ ಹಾರ ಸಮೇತ ಚೀಲ ಸೇರಿತು.

ಮಾರನೆಯ ದಿನ ಭಾನುವಾರ. ಕಲ್ಯಾಣಮಂಟಪದಲ್ಲಿ ಹೆಣ್ಣುಗಂಡು ಸಿಂಹಾಸನದಂಥ ಕುರ್ಚಿಗಳಲ್ಲಿ ಕೂತಿದ್ದರು, ಪಕ್ಕದಲ್ಲೇ ಆರ್ಕೆಸ್ಟ್ರಾ. ಚಂದ್ರಕಾಂತ ಎಣಿಸಿ ಹಾಡು ಎತ್ತಿದ. ಪಾಲಾಕ್ಷ ಮೊದಲನೇ ತಂತಿಗೆ ಬೆರಳು ಕೊಟ್ಟ.

ಬೆರಳಷ್ಟೇ ಅಲ್ಲ, ಇಡೀ ತೋಳು ಹಿಂದಕ್ಕೆ ಹಾರಿ ಡ್ರಮ್ಮಿನವನ ಕಂಚಿನ ತಾಳಕ್ಕೆ ಬಡಿಯಿತು. ಝಲ್! ಜನ ಅದನ್ನೂ ಸ್ಟೈಲು ಅಂದುಕೊಂಡರು. ಬೇಸಿನವನ ಕಡೆ ಸಭಿಕರು ತಿರುಗಿ ನೋಡಿದ್ದು ಅದೇ ಮೊದಲು. ಆದರೆ ಗಿಟಾರು ಕುಂಯ್ ಎನ್ನಲಿಲ್ಲ. ಎರಡನೇ ಸಲ ಮೆಲ್ಲಗೆ ಸವರಿದ, ಕೈ ಮೂಗಿಗೆ ಬಂದು ಗುದ್ದಿತು, ಉಗುರು ಗೀರಿತು. ಪದೇಪದೇ ಮೀಟಲು ಬಂದದ್ದಕ್ಕೆ ತಟ್ಟೆಗೆ ಸಿಟ್ಟು ಬಂದಿರಬೇಕು, ಸುತ್ತಲಿನ ಎಲ್ಲರ ಮೇಲೂ ಅನುಮಾನ ಪಡತೊಡಗಿತು. ಗಾಯಕಿಯ ಮೈಕು ಸ್ಟ್ಯಾಂಡು ಸಮೇತ ಹೂವಿನ ಕಮಾನಿಗೆ ಸಿಕ್ಕಿಕೊಂಡಿತು. ಏನಾಯಿತೆಂದು ಬಗ್ಗಿ ನೋಡಿದ ಚಂದ್ರಕಾಂತನ ಕನ್ನಡಕ ಹಾರಿಹೋಗಿ ಮದುಮಗನ ಪೇಟದಲ್ಲಿ ಕೂತಿತು.

"ಪಾಲಾಕ್ಷಣ್ಣ, ಸಾಕು ಇಳೀರಿ. ನಿಮಗೆ ಕೈಮುಗೀತೀನಿ," ಎಂದ ಚಂದ್ರಕಾಂತ, ಕಣ್ಣು ಕಿರಿದು ಮಾಡಿಕೊಂಡು.

ಪಾಲಾಕ್ಷನಿಗೆ ಅಳು ಬಂತು. ಮರ್ಯಾದೆ ಹೋದದ್ದಕ್ಕಲ್ಲ, ಗಿಟಾರು ತನ್ನನ್ನೇ ಬೇಡ ಅಂದದ್ದಕ್ಕೆ. ಪಟ್ಟಿ ಕಳಚಿ ಅದನ್ನು ಸ್ಟ್ಯಾಂಡಿಗೆ ಒರಗಿಸಿ, ಹಿಂದೆ ಸರಿಯುವಾಗ ವೈರಿಗೆ ಎಡವಿದ. ತಟ್ಟೆ ತಳ್ಳುವ ಮೊದಲೇ ಕಾಲು ಗಿಟಾರಿನ ಬುಡಕ್ಕೆ ತಗುಲಿತು. ವಿದ್ಯೆಯ ವಸ್ತುವಿಗೆ ಕಾಲು ತಗುಲಿದರೆ ಯಾರಾದರೂ ಏನು ಮಾಡುತ್ತಾರೆ? ಬಗ್ಗಿ ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಘುಮ್ಮ್ ಎಂದಿತು ಗಿಟಾರು. ಅಂಥ ನಾದವನ್ನು ಅದರಿಂದ ಅವನೇ ಎಂದೂ ಕೇಳಿರಲಿಲ್ಲ. ಕಿಟಕಿಯ ಪರದೆ ಅದುರಿತು, ಎದುರು ಸಾಲಿನವರ ಕೈಯ ಜ್ಯೂಸಿನಲ್ಲಿ ಅಲೆ ಎದ್ದಿತು.

ತಮ್ಮ ಯಂತ್ರದ ಪ್ರತಾಪ ನೋಡಲು ಗಿರಿಜಕ್ಕನ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಎದ್ದು ನಿಂತರು. "ಪಾಲಾಕ್ಷ! ಅದು ಕೈ ಕಲಿತಿಲ್ಲ ಕಣೋ, ಭಕ್ತಿ ಕಲಿತಿದೆ! ಮೀಟಬೇಡ, ನಮಸ್ಕಾರ ಮಾಡು!"

ಪಾಲಾಕ್ಷ ಮಂಡಿಯೂರಿದ. ಎಡಗೈಯ ಬೆರಳನ್ನು ಹೂವಿಡುವಷ್ಟು ಮೆಲ್ಲಗೆ ಗಿಟಾರಿನ ಕತ್ತಿನಲ್ಲಿದ್ದ ಸ್ವರದ ಮನೆಯೊಂದರ ಮೇಲಿಟ್ಟ, ಬಲಗೈಯಲ್ಲಿ ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಘುಮ್ಮ್. ಇನ್ನೊಂದು ಮನೆ, ಇನ್ನೊಂದು ನಮಸ್ಕಾರ. ಬೇರೆ ಗತಿಯಿಲ್ಲದೆ ಚಂದ್ರಕಾಂತ ನಿಧಾನದ ಹಾಡೊಂದನ್ನು ಹಿಡಿದ. ಹಾಡು ಸರಾಗವಾಗಿ ಸಾಗಿತು. ಮುಂದಿನದು ಕುಣಿಯುವ ಹಾಡು. ಅದಕ್ಕೆ ಪಾಲಾಕ್ಷ ಹಾಕಿದ ನಮಸ್ಕಾರಗಳ ವೇಗಕ್ಕೆ ಅವನ ಹುಬ್ಬಿನ ಕೂದಲು ಉದುರದೆ ಉಳಿದದ್ದೇ ಹೆಚ್ಚು. ಮುದುಕರು ಚಪ್ಪಲಿ ಬಿಟ್ಟು ಎದ್ದು ನಿಂತರು. ಇಂಥ ದೈವಭಕ್ತ ಕಲಾವಿದನನ್ನು ಈ ಕಾಲದಲ್ಲಿ ಕಾಣುವುದುಂಟೆ ಅಂತ ಒಬ್ಬರು ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ಹೆಣ್ಣಿನ ಸೋದರತ್ತೆ ಮದುಮಕ್ಕಳಿಗೆ ಬೆಳಗಲು ಆರತಿ ತಂದಳು. ಕರ್ಪೂರ ಹತ್ತಿತು, ಗಂಟೆ ಅಲ್ಲಾಡಿತು. ತಟ್ಟೆಗೆ ತವರು ಕಂಡಂತಾಯಿತು! ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಟ್ಟಿತು. ಮಂಟಪವೇ ಶಂಖದ ಹಾಗೆ ಮೊಳಗಿತು. ಮದುಮಕ್ಕಳಿಗೆ ಅಕ್ಷತೆ ಹಾಕಲು ನಿಂತಿದ್ದ ಸಾಲು ಹಾಗೇ ಬಳುಕಿ ಗಿಟಾರಿನ ಕಡೆ ತಿರುಗಿತು. ಒಬ್ಬೊಬ್ಬರಾಗಿ ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡರು, ಒಬ್ಬೊಬ್ಬರಿಗೂ ಒಂದು ಘುಮ್ಮ್. ಕೊನೆಗೆ ಮದುಮಕ್ಕಳೂ ಇಳಿದು ಬಂದು ಜೋಡಿಯಾಗಿ ಅಡ್ಡಬಿದ್ದರು.

ಸಾಲಿನ ತುದಿಯಲ್ಲಿ ಗಿರಿಜಕ್ಕನೂ ಇದ್ದಳು. ತಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನೀನು ಇಷ್ಟು ವರ್ಷ ನುಡಿಸ್ತಿದ್ದಿದ್ದು ಇದನ್ನೇನೋ? ನಂಗೆ ಕೇಳ್ಸೇ ಇರ್ಲಿಲ್ಲವಲ್ಲೋ." ಪಾಲಾಕ್ಷ ಅವಳಿಗಾಗಿ ತಟ್ಟೆಗೆ ಇನ್ನೊಂದು ನಮಸ್ಕಾರ ಹಾಕಿದ. ಎದೆ ತುಂಬಿ ಬಂದಿತ್ತು.

ಮಾರನೆಯ ಬೆಳಿಗ್ಗೆ ಆ ಎದೆ ಇಳಿದಿತ್ತು. ಜನ ಕೇಳಿದ್ದು ಗಿಟಾರನ್ನು, ತನ್ನನ್ನಲ್ಲ ಅನ್ನಿಸಿತು. ತಟ್ಟೆ ಬಿಚ್ಚಿಕೊಡಿ ಅಂತ ಭಾವನಿಗೆ ದುಂಬಾಲು ಬಿದ್ದ. ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರು. ತಟ್ಟೆಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಶತ್ರು ಯಾವುದಿದೆ? ಸ್ಕ್ರೂಡ್ರೈವರು ಎದುರುಮನೆಯ ನೀರಿನ ಟ್ಯಾಂಕಿನಲ್ಲಿ ನೆಟ್ಟುಕೊಂಡಿತು. ಬ್ಯಾಟರಿ ತೀರುವವರೆಗೆ ಕಾಯೋಣವೆಂದರೆ, ಪ್ರತಿ ನಮಸ್ಕಾರಕ್ಕೂ ತಂತಿಯ ಅದುರುವಿಕೆಯಿಂದಲೇ ಚಾರ್ಜಾಗುವ ಹಾಗೆ ಮಾಡಿದ್ದೇನೆ ಅಂತ ಮೇಷ್ಟ್ರು ಹೆಮ್ಮೆಯಿಂದ ಹೇಳಿದರು.

ಅಷ್ಟರಲ್ಲಿ ಚಂದ್ರಕಾಂತ ಬಂದ, ತಲೆಗೆ ಸ್ನಾನ ಮಾಡಿ, ಹೂವು ಹಿಡಿದುಕೊಂಡು. ಎರಡು ಗೃಹಪ್ರವೇಶ, ಒಂದು ಷಷ್ಟ್ಯಬ್ದಿ ನಿಗದಿಯಾಗಿದ್ದವು. ಹಾಡುವವರು ಬೇಡ, ಡ್ರಮ್ಮು ಬೇಡ, ಕೀಬೋರ್ಡಂತೂ ಬೇಡವೇ ಬೇಡ, ಬೇಸು ಮತ್ತು ಅದರ ಅರ್ಚಕರು ಬಂದರೆ ಸಾಕಂತೆ. "ಬಿಚ್ಚಿಸಬೇಡಿ ಅಣ್ಣ. ನೀವಿಲ್ಲದಿದ್ರೆ ಇನ್ನು ನಮ್ಮ ಆರ್ಕೆಸ್ಟ್ರಾನೇ ಇಲ್ಲ," ಎಂದ. ಯಾವ ಮಾತಿಗಾಗಿ ಪಾಲಾಕ್ಷ ಜೀವಮಾನವೆಲ್ಲ ಕಾದಿದ್ದನೋ ಆ ಮಾತು. ಮೀಟುವ ಭಾಗ್ಯ ಒಂದನ್ನು ಬಿಟ್ಟು ಇನ್ನೆಲ್ಲವೂ ಸಿಕ್ಕಿತ್ತು. ಅಳಬೇಕೋ ನಗಬೇಕೋ ತಿಳಿಯದೆ ಅವನು ಭಾವನ ಮುಖ ನೋಡಿದ.

"ಅದೆಲ್ಲ ಇರಲಿ," ಎಂದರು ಮೇಷ್ಟ್ರು. "ಇಷ್ಟೆಲ್ಲ ಆಯ್ತಲ್ಲ, ಒಂದು ಗೀರಾದರೂ ಬಿದ್ದಿದೆಯಾ ಹೇಳು."

ಪಾಲಾಕ್ಷ ನೋಡಿದ. ಗಿಟಾರಿನ ಮೇಲೆ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಅವನ ಮೂಗಿನ ಮೇಲೆ.