ವಾಮದೇವಪ್ಪ ಮೇಷ್ಟ್ರ ಕಾಶಿ ಮಾರ್ಗ

ವಾಮದೇವಪ್ಪ ಮೇಷ್ಟ್ರ ದೂರು ಒಂದೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ತಮ್ಮ ಮಾತನ್ನು, ಅದೂ ದಾರಿಯ ವಿಷಯದಲ್ಲಿ, ಮನೆಯ ಹೆಂಗಸೂ ಕೇಳುವುದಿಲ್ಲ, ಮೊಬೈಲಿನೊಳಗೆ ಕೂತು ದಾರಿ ಹೇಳುವ ಹೆಂಗಸೂ ಕೇಳುವುದಿಲ್ಲ. ಎರಡನೆಯವಳ ಬಾಯಿಯನ್ನು ಗುಂಡಿ ಒತ್ತಿ ಮುಚ್ಚಿಸಬಹುದು. ಮೊದಲನೆಯವರಿಗೆ ಆ ಗುಂಡಿ ಇಲ್ಲ.

ಮೊದಲನೆಯವರೆಂದರೆ ಅವರ ಪತ್ನಿ ಆಶಾರಾಣಿ. ಐವತ್ತೆರಡನೇ ವಯಸ್ಸಿನಲ್ಲಿ ಕಾರು ಕಲಿತು, ಈಗ ದಾವಣಗೆರೆಯ ಸಂತೆಯ ದಿನದ ಗದ್ದಲದಲ್ಲೂ ಹಾರ್ನ್ ಮಾಡದೆ ದಾಟಿಬರುವ ಗಟ್ಟಿಗಿತ್ತಿ. ಮೇಷ್ಟ್ರಿಗೆ ಕಾರು ಓಡಿಸಲು ಬಾರದು. (ಬರುತ್ತದೆ ಎನ್ನುತ್ತಾರೆ ಅವರು. ಬೀದಿಯ ಮೂಲೆಯಲ್ಲಿ ವಾಲಿ ನಿಂತಿರುವ ವಿದ್ಯುತ್ ಕಂಬದ ಅಭಿಪ್ರಾಯ ಬೇರೆ.) ಹಾಗಾಗಿ ಮನೆಯಲ್ಲಿ ಅಧಿಕಾರ ವಿಕೇಂದ್ರೀಕರಣವಾಗಿತ್ತು: ಸ್ಟೇರಿಂಗ್ ಆಕೆಯದು, ಮಾರ್ಗದರ್ಶನ ಇವರದು.

ಕಾರಿನಲ್ಲೇ ಕಾಶಿಗೆ ಹೋಗಿಬರಬೇಕೆಂಬುದು ಆಶಾರಾಣಿಯವರ ಬಹುದಿನದ ಆಸೆ. ಮೇಷ್ಟ್ರು ನಿವೃತ್ತರಾದ ವಾರವೇ ಒಪ್ಪಿದರು. ಒಪ್ಪಿ, ಊಟದ ಮೇಜಿನ ಮೇಲೆ ಭಾರತದ ಭೂಪಟ ಅಂಟಿಸಿದರು. ಅಂದಿನಿಂದ ಗಂಡಹೆಂಡತಿ ನೆಲದ ಮೇಲೆ ಕೂತು ಉಣ್ಣತೊಡಗಿ ಮೂರು ತಿಂಗಳಾಗಿತ್ತು.

ಮಾರ್ಗಗಳು ಮೂರು. ಹುಬ್ಬಳ್ಳಿ, ಪುಣೆ ಕಡೆಯಿಂದ ಸುತ್ತಿಕೊಂಡು ಹೋಗುವ ಪಶ್ಚಿಮ ಮಾರ್ಗ. ವಿಜಯಪುರ, ಸೊಲ್ಲಾಪುರದ ಮೇಲಿನ ಮಧ್ಯಮ ಮಾರ್ಗ. ಹೈದರಾಬಾದು, ನಾಗಪುರದ ಪೂರ್ವ ಮಾರ್ಗ. ಮೇಷ್ಟ್ರು ಮೂರಕ್ಕೂ ಅಂಕಪಟ್ಟಿ ಮಾಡಿದರು. ದೂರಕ್ಕೆ ಇಷ್ಟು, ದಾಟುವ ನದಿಗಳಿಗೆ ಇಷ್ಟು, ಮಣ್ಣಿನ ವೈವಿಧ್ಯಕ್ಕೆ ಇಷ್ಟು. ಕೂಡಿಸಿದರೆ ಮೂರಕ್ಕೂ ಅರವತ್ತೆರಡು. ಮರುಮೌಲ್ಯಮಾಪನ ಶುರುವಾಯಿತು.

‘ಇದರಾಗೆ ಬಾತ್‌ರೂಮಿಗೆ ಎಷ್ಟು ಅಂಕ ಐತೆ?’ ಎಂದು ಆಶಾರಾಣಿ ಕೇಳಿದರು.

‘ಅದು ಭೂಗೋಳದಾಗೆ ಬರಲ್ಲ.’

‘ನಾಕು ದಿನದ ಪ್ರಯಾಣದಾಗೆ ಬರ್ತೈತ್ರಿ. ನನಗೆ ಮಣ್ಣು ಕೆಂಪಿದ್ರೂ ಆತು, ಕಪ್ಪಿದ್ರೂ ಆತು. ಬಾಗಿಲಿಗೆ ಚಿಲಕ ಇರೋ ಬಾತ್‌ರೂಮು ಎಲ್ಲೆಲ್ಲಿ ಅದಾವೆ, ಅದನ್ನ ಹೇಳ್ರಿ.’

ಮೇಷ್ಟ್ರ ಬಳಿ ಆ ಅಂಕಿಅಂಶ ಇರಲಿಲ್ಲ. ಅದು ಇದ್ದದ್ದು ಹಯಾತ್ ಸಾಬರ ಬಳಿ. ಪಕ್ಕದ ಬೀದಿಯಲ್ಲಿ ಟೈರು ಪಂಕ್ಚರ್ ಅಂಗಡಿ ಇಟ್ಟಿರುವ ಹಯಾತ್ ಸಾಬರು ಹಿಂದೆ ಲಾರಿಯಲ್ಲಿ ಇಡೀ ದೇಶ ಸುತ್ತಿದವರು. ಆಶಾರಾಣಿ ಅವರನ್ನು ಚಹಾಕ್ಕೆ ಕರೆದರು. ಅವರು ಭೂಪಟದ ಕಡೆ ನೋಡಲೇ ಇಲ್ಲ.

‘ಹೈದರಾಬಾದ್, ನಾಗಪುರ, ಜಬಲ್‌ಪುರ. ಮುಂದೆ ಸೀದಾ ಕಾಶಿ. ರೋಡು ಮಸ್ತ್ ಐತೆ, ಪೆಟ್ರೋಲ್ ಬಂಕಿನಾಗೆ ಎಲ್ಲಾ ಸೌಕರ್ಯ ಐತೆ. ಸಕ್ಕರೆ ಸ್ವಲ್ಪ ಕಮ್ಮಿ ಹಾಕ್ರಿ ಅಕ್ಕಾರೆ.’

ಮೂರು ತಿಂಗಳ ಸಂಶೋಧನೆಯನ್ನು ಒಬ್ಬ ಮನುಷ್ಯ ಚಹಾ ಆರುವ ಮೊದಲೇ ಮುಗಿಸಿಬಿಟ್ಟದ್ದು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಅಲ್ಲಿಯವರೆಗೆ ಅವರಿಗೇ ಗೊತ್ತಿರಲಿಲ್ಲ, ಆದರೆ ಆ ಕ್ಷಣ ತಾವು ಪಶ್ಚಿಮ ಮಾರ್ಗದ ಕಟ್ಟಾ ಪ್ರತಿಪಾದಕರೆಂದು ಅವರಿಗೆ ಖಚಿತವಾಯಿತು.

ಜಗಳ ಎರಡು ದಿನ ನಡೆಯಿತು. ಕೊನೆಗೆ ಪರೀಕ್ಷೆಗೆ ಒಪ್ಪಂದವಾಯಿತು. ಭಾನುವಾರ ಹರಿಹರದಲ್ಲಿರುವ ಆಶಾರಾಣಿಯ ಅಕ್ಕ ಮರುಳಸಿದ್ದಮ್ಮನ ಮನೆಗೆ ಊಟಕ್ಕೆ ಹೋಗಬೇಕಿತ್ತು. ದೂರ ಹದಿನಾಲ್ಕು ಕಿಲೋಮೀಟರು. ಮೇಷ್ಟ್ರು ಹೇಳಿದ ಹಾಗೆ ಆಶಾರಾಣಿ ತುಟಿ ಪಿಟಕ್ಕೆನ್ನದೆ ಓಡಿಸಬೇಕು. ಸುಸೂತ್ರವಾಗಿ ಮುಟ್ಟಿದರೆ ಕಾಶಿಗೆ ಪಶ್ಚಿಮ ಮಾರ್ಗ. ಇಲ್ಲವಾದರೆ ಆಕೆ ಹೇಳಿದ್ದೇ ಮಾರ್ಗ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವುದು ಯಾರಿಗಾದರೂ ಪರೀಕ್ಷೆಯೇ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡೂ ಹೋಗುತ್ತಾರೆ. ಮೇಷ್ಟ್ರಿಗೆ ಅದೇ ಅವಮಾನವಾಗಿ ಕಂಡಿತು. ನೆಟ್ಟಗಿನ ರಸ್ತೆಯಲ್ಲಿ ನೆಟ್ಟಗೆ ಹೋದರೆ ಪಾಂಡಿತ್ಯ ಕಾಣುವುದೆಲ್ಲಿ? ಒಂಬತ್ತು ಗಂಟೆಗೆ ಹೊರಟು ಬಾತಿ ಎಂಬ ಊರಿನ ಹತ್ತಿರ ಬರುತ್ತಲೇ ಅವರು ಎಡಕ್ಕೆ ತಿರುಗಿಸಲು ಅಪ್ಪಣೆ ಕೊಟ್ಟರು.

‘ಹರಿಹರ ಮುಂದೈತಲ್ರಿ?’

‘ಮಾತಾಡಂಗಿಲ್ಲ. ನೀರಿನ ಚಾನಲ್ ಏರಿ ಮೇಲೆ ಒಳದಾರಿ ಐತೆ. ಟ್ರಾಫಿಕ್ಕಿಲ್ಲ, ಗಾಳಿ ಐತೆ.’

ಗಾಳಿ ಇತ್ತು. ದಾರಿಯೂ ಸ್ವಲ್ಪ ದೂರದವರೆಗೆ ಇತ್ತು. ಆಮೇಲೆ ಅದು ಕವಲೊಡೆಯಿತು. ಇಲ್ಲಿ ಮೇಷ್ಟ್ರ ಒಂದು ವೃತ್ತಿಸಂಬಂಧಿ ಕಾಯಿಲೆಯನ್ನು ಹೇಳಲೇಬೇಕು. ಮೂವತ್ತೊಂದು ವರ್ಷ ಮಕ್ಕಳಿಗೆ ಎದುರಾಗಿ ನಿಂತು, ಮಕ್ಕಳ ಎಡವನ್ನು ಎಡವೆಂದು ತೋರಿಸಿ ತೋರಿಸಿ, ಅವರ ಸ್ವಂತ ಎಡಬಲಗಳು ಅದಲುಬದಲಾಗಿದ್ದವು. (ಹೆಸರಿನಲ್ಲಿ ‘ವಾಮ’ ಇದ್ದೂ ಎಡ ಯಾವುದೆಂದು ತಿಳಿಯದ ಏಕೈಕ ವ್ಯಕ್ತಿ ಅವರು.) ಬಾಯಿ ‘ಎಡಕ್ಕೆ’ ಎಂದಿತು, ಕೈ ಬಲಕ್ಕೆ ಚಾಚಿತು.

‘ಬಾಯಿ ಮಾತು ಕೇಳ್ಲೋ, ಕೈ ನೋಡ್ಲೋ?’

‘ಪಶ್ಚಿಮಕ್ಕೆ ತಿರುಗು ಅಂದೆ.’

‘ಕಾರಿಗೆ ಪಶ್ಚಿಮ ಇಲ್ರಿ. ಎಡ ಐತೆ, ಬಲ ಐತೆ, ರಿವರ್ಸ್ ಐತೆ.’

ಆಶಾರಾಣಿ ಬಾಯಿಮಾತನ್ನು ನಂಬಿದರು. ಮುಂದಿನ ಕವಲಿನಲ್ಲೂ ನಂಬಿದರು. ಗದ್ದೆಯಾಯಿತು, ಮತ್ತೆ ಗದ್ದೆಯಾಯಿತು, ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಎದುರಾಗಿ ಅರ್ಧ ಕಿಲೋಮೀಟರ್ ಹಿಮ್ಮುಖ ಪ್ರಯಾಣವೂ ಆಯಿತು. ಯಾರನ್ನಾದರೂ ಕೇಳೋಣವೆಂದರೆ ಮೇಷ್ಟ್ರು ಒಪ್ಪಲಿಲ್ಲ. ಕೆಳಗಿಳಿದು, ಏರಿಯ ಮೇಲೆ ಛತ್ರಿ ನೆಟ್ಟು, ಅದರ ನೆರಳಿನಿಂದ ದಿಕ್ಕು ಕಂಡುಹಿಡಿಯಲು ಹೊರಟರು. ಆಗ ಸರಿಯಾಗಿ ನಡುಮಧ್ಯಾಹ್ನ. ನೆರಳು ಛತ್ರಿಯ ಬುಡದಲ್ಲೇ ಮುದುಡಿ ಕೂತಿತ್ತು.

ಚಾನಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ ಈ ವೈಜ್ಞಾನಿಕ ಪ್ರಯೋಗವನ್ನು ನೋಡಿದಳು. ಆಶಾರಾಣಿ ಕಿಟಕಿಯಿಂದ ಕೂಗಿ ಕೇಳಿದರು, ‘ಇದು ಯಾವೂರು ಬೇ?’

‘ಇದು ಕುಕ್ಕುವಾಡ. ನೀವು ಎಲ್ಲಿಂದ ಬಂದ್ರಿ?’

‘ದಾವಣಗೆರೆಯಿಂದ. ಹರಿಹರಕ್ಕೆ ಹೊಂಟೀವಿ.’

ಮುದುಕಿ ಕೈಯಲ್ಲಿದ್ದ ಸೀರೆಯನ್ನು ಕಲ್ಲಿನ ಮೇಲಿಟ್ಟಳು. ‘ಹರಿಹರಕ್ಕೆ ಈ ಕಡೆ ಯಾಕ ಬಂದ್ರಿ?’

 ಮೇಷ್ಟ್ರು ಛತ್ರಿ ಮಡಚಿ ಕಾರಿನಲ್ಲಿ ಕೂತರು. ಮುದುಕಿ ಹೇಳಿದ ದಾರಿ ಹಿಡಿದು, ಭಾನುವಳ್ಳಿ ಹಾದು ಆಶಾರಾಣಿ ಹರಿಹರ ಮುಟ್ಟಿಸಿದಾಗ ಎರಡು ಗಂಟೆ. ಮೀಟರು ಎಪ್ಪತ್ತೊಂದು ಕಿಲೋಮೀಟರು ತೋರಿಸುತ್ತಿತ್ತು.

ಮರುಳಸಿದ್ದಮ್ಮ ತಣ್ಣಗಾದ ಎಣ್ಣೆಗಾಯಿಯನ್ನು ಮತ್ತೆ ಬಿಸಿ ಮಾಡಿ ಬಡಿಸಿದರು. ರೊಟ್ಟಿ ಮುರಿಯುತ್ತಾ ಆಶಾರಾಣಿ ತೀರ್ಪು ಓದಿದರು.

‘ಹಯಾತ್ ಸಾಬ್ರು ಹೇಳಿದ ದಾರಿ. ಗುರುವಾರ ಬೆಳಿಗ್ಗೆ ಆರಕ್ಕೆ ಹೊರಡಾದು. ಅಕ್ಕನೂ ಬರ್ತಾಳೆ, ಮುಂದಿನ ಸೀಟಿನಾಗೆ ಕೂಡ್ತಾಳೆ. ನೀವು ಹಿಂದೆ ಆರಾಮಾಗಿ ಕೂಡ್ರಿ.’

ಹಿಂದಿನ ಸೀಟು! ಮೇಷ್ಟ್ರ ಆತ್ಮಗೌರವ ಎದ್ದು ನಿಂತಿತು. ‘ಹಂಗಾದ್ರೆ ನಾನು ಬರಲ್ಲ. ನೀವೇ ಹೋಗ್ರಿ.’

ಹೀಗೆಂದ ಮೇಲೆ ಅವರು ಕಾದರು. ನೆಂಟರ ಮನೆಯಲ್ಲಿ ಮುನಿದವರನ್ನು ಕನಿಷ್ಠ ಮೂರು ಸಲವಾದರೂ ಒಲಿಸುವುದು ನಮ್ಮಲ್ಲಿ ವಾಡಿಕೆ. ಮೊದಲ ಸಲಕ್ಕೆ ತಲೆಯಾಡಿಸಿ, ಎರಡನೆಯದಕ್ಕೆ ನಿಟ್ಟುಸಿರು ಬಿಟ್ಟು, ಮೂರನೆಯದಕ್ಕೆ ಒಪ್ಪುವುದೆಂದು ಅವರು ಮನಸ್ಸಿನಲ್ಲೇ ನಿಗದಿ ಮಾಡಿದ್ದರು.

‘ಆತು ಬಿಡ್ರಿ,’ ಎಂದರು ಆಶಾರಾಣಿ. ‘ಅಕ್ಕ, ಹಿಂದಿನ ಸೀಟಿನಾಗೆ ಹಾಸಿಗೆ ಇಟ್ಕಳಾಣ.’

ಗುರುವಾರ ಅಕ್ಕತಂಗಿಯರು ಹೊರಟೇಬಿಟ್ಟರು. ಮೇಷ್ಟ್ರು ಗೇಟಿನಲ್ಲಿ ನಿಂತು, ಕಾರು ತಿರುವು ದಾಟುವವರೆಗೆ ಗಂಭೀರವಾಗಿ ನೋಡಿ, ದಾಟಿದ ಮೇಲೆ ಅಗಂಭೀರವಾಗಿ ನೋಡಿ ಒಳಗೆ ಬಂದರು. ಅನ್ನ ಮುದ್ದೆಯಾಯಿತು, ಸಾರು ನೀರಾಯಿತು. ಮೂರು ಹೊತ್ತೂ ಮಂಡಕ್ಕಿಯೇ ಗತಿಯಾಯಿತು. ಭಾನುವಾರ ಸಂಜೆ ವಿಡಿಯೋ ಕಾಲ್ ಬಂತು. ಆಶಾರಾಣಿ ಕಾಶಿಯ ಘಾಟಿನ ಮೆಟ್ಟಿಲ ಮೇಲೆ ಸೀರೆ ಎತ್ತಿಕಟ್ಟಿ ಪಾದ ಮುಳುಗಿಸಿ ಕೂತಿದ್ದರು.

‘ನೋಡ್ರಿ, ಗಂಗೆ. ಇನ್ನೂ ಎಂಟು ದಿನ ಇಲ್ಲೇ ಇರ್ತೀವಿ.’

 ಗಂಗೆಯನ್ನು ಮೇಷ್ಟ್ರು ವರ್ಷಕ್ಕೆ ಮೂರು ಸೆಕ್ಷನ್ನಿನಂತೆ ನೀಲಿ ಸೀಮೆಸುಣ್ಣದಲ್ಲಿ ಎಳೆದಿದ್ದರು, ಉಪನದಿಗಳ ಸಮೇತ. ಅದು ಒದ್ದೆಯಾಗಿರುತ್ತದೆ ಎಂಬುದು ಆವತ್ತು ಮೊದಲ ಸಲ ಹೊಳೆಯಿತು. ಹೊಳೆದ ಮೇಲೆ ಮೂರು ದಿನ ಒದ್ದಾಡಿದರು. ನಾಲ್ಕನೆಯ ದಿನ, ಯಾರಿಗೂ ಹೇಳದೆ, ಮನೆಗೆ ಬೀಗ ಹಾಕಿ ರೈಲು ಹತ್ತಿದರು. ಹೆಂಡತಿ ಘಾಟಿನ ಮೇಲೆ ಕೂತಿರುವಾಗ ಹಿಂದಿನಿಂದ ಹೋಗಿ ನಿಲ್ಲಬೇಕು, ಇಷ್ಟೇ ಅವರ ಯೋಜನೆ.

ಶುಕ್ರವಾರ ಮಧ್ಯಾಹ್ನ ರೈಲಿನಲ್ಲಿದ್ದಾಗ ಫೋನು ಬಂತು.

‘ಊಟ ಆತಾ? ಅದೇನ್ರಿ ಸದ್ದು?’

‘ಮಿಕ್ಸಿ. ಚಟ್ನಿ ಅರೀತಿದ್ದೆ. ನಿನ್ನ ಕಡೆ ಅದೇನು, ಲಾರಿ ಹಾರ್ನು?’

‘ಕಾಶ್ಯಾಗೂ ಲಾರಿ ಇರ್ತಾವ್ರಿ,’ ಎಂದು ಆಕೆ ಅವಸರವಾಗಿ ಫೋನಿಟ್ಟರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಕಾಶಿಯಲ್ಲಿದ್ದರು. ಒಂದು ಘಾಟಾಯಿತು, ಹತ್ತು ಘಾಟಾಯಿತು, ಬಿಸಿಲೇರಿತು, ಹೆಂಡತಿ ಕಾಣಲಿಲ್ಲ. ಅಚ್ಚರಿ ಗಿಚ್ಚರಿ ಎಲ್ಲ ಬದಿಗಿಟ್ಟು ಫೋನು ತೆಗೆಯುವಷ್ಟರಲ್ಲಿ ಅದೇ ರಿಂಗಣಿಸಿತು.

‘ಎಲ್ಲಿದ್ದೀರ್ರಿ?’ ಆಶಾರಾಣಿಯ ದನಿಯಲ್ಲಿ ದಣಿವಿತ್ತು. ‘ನೀವು ಬರೀ ಮಂಡಕ್ಕಿ ತಿಂತೀರಿ ಅಂತ ಹಯಾತ್ ಸಾಬ್ರು ಫೋನ್ ಮಾಡಿ ಹೇಳಿದ್ರು. ಮನಸ್ಸು ತಡೀಲಿಲ್ಲ, ಬುಧವಾರನೇ ಹೊರಟ್ವಿ. ನಿಮಗೆ ಗೊತ್ತಾಗಬಾರದು ಅಂತ ಹೇಳಿರಲಿಲ್ಲ. ಈಗ ಮನೆ ಮುಂದೆ ನಿಂತೀವಿ, ಬೀಗ ಹಾಕೈತೆ. ನಾನು ಒಯ್ದಿದ್ದ ಬೀಗದ ಕೈ ಗಂಗ್ಯಾಗೆ ಬಿತ್ತು. ನಿಮ್ಮದನ್ನ ತಗಂಡು ಬೇಗ ಬರ್ರಿ, ಬಿಸಿಲು ಬಾಳ ಐತೆ. ಎಷ್ಟೊತ್ತಾಗ್ತೈತೆ?’

ಮೇಷ್ಟ್ರು ಜೇಬು ಮುಟ್ಟಿ ನೋಡಿಕೊಂಡರು. ಬೀಗದ ಕೈ ಇತ್ತು.

‘ಮೂರು ದಿನ,’ ಎಂದರು.

ಆ ಕಡೆಯಿಂದ ‘ಕಾಶಿಗೆ ಹೋಗೀರೇನ್ರಿ?’ ಎಂಬ ಕೂಗು ಬಂತು. ಆಮೇಲೆ ಮರುಳಸಿದ್ದಮ್ಮ ನಗುವುದು ಕೇಳಿಸಿತು. ಆಮೇಲೆ ಸುತ್ತಿಗೆಯ ಏಟುಗಳು. ಹಯಾತ್ ಸಾಬರ ಕೈ ಎಂದು ಮೇಷ್ಟ್ರಿಗೆ ಗೊತ್ತಾಯಿತು. ನಾಲ್ಕನೇ ಏಟಿಗೆ ಏನೋ ಕಳಚಿ ಬಿದ್ದ ಸದ್ದು.

‘ಹೆಂಗೂ ಹೋಗೀರಿ, ಗಂಗ್ಯಾಗೆ ಎರಡು ಮುಳುಗು ಹಾಕಿ ಬರ್ರಿ,’ ಎಂದರು ಆಶಾರಾಣಿ, ಮೆತ್ತಗೆ. ‘ಬಂದ ಮ್ಯಾಲೆ ಬಾಗಿಲು ಬಡೀರಿ. ಹೊಸ ಬೀಗದ ಕೈ ನಿಮಗೆ ಕೊಡಲ್ಲ.’