ನಾಳೆಯಪ್ಪ ಹಾಕಿದ ಬೋರ್ಡು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಭಾನುವಾರ, ಏಳು ಸಮುದ್ರದಾಚೆ ಏನಲ್ಲ, ಬೇಕರಿಯ ಹಿಂದಿನ ಬೀದಿಯಲ್ಲೇ ಒಬ್ಬ ಗಂಡನಿದ್ದ. ಅಜ್ಜಿಕತೆಯ ರಾಜಕುಮಾರರು ಮಾತು ಕೊಟ್ಟರೆ ರಾಕ್ಷಸನ ಪ್ರಾಣವಿರುವ ಗಿಳಿಯನ್ನೇ ಹಿಡಿದು ತರುತ್ತಾರೆ. ಇವನು ಕೊಟ್ಟ ಮಾತು ಇಷ್ಟೇ: ಮನೆಯ ಮುಂದಿನ ಕೋಣೆಯಲ್ಲಿದ್ದ ಹೆಂಡತಿಯ ಹೊಲಿಗೆ ಅಂಗಡಿಗೆ ಬೋರ್ಡು ಹಾಕುವುದು. ಬೋರ್ಡು ಬೀರುವಿನ ಹಿಂದೆ ಜೇಡಗಳಿಗೆ ಗೋಡೆಯಾಗಿತ್ತು. ಕೇಳಿದಾಗಲೆಲ್ಲ “ನಾಳೆ” ಎನ್ನುತ್ತಿದ್ದವನಿಗೆ ಬೀದಿಯವರೇ ಸೇರಿ ನಾಳೆಯಪ್ಪ ಎಂದು ಹೆಸರಿಟ್ಟಿದ್ದರು.

ಆ ದಿನ ಮಾತ್ರ ನಾಳೆ ಎನ್ನುವಂತಿರಲಿಲ್ಲ. ಸಂಜೆ ಶಾಲೆಯ ಹೆಡ್‌ಮಿಸ್ ಬರುವವರಿದ್ದರು. ಅಂಗಡಿ ಅವರ ಮನಸ್ಸಿಗೆ ಬಂದರೆ ಇಡೀ ಶಾಲೆಯ ಯೂನಿಫಾರ್ಮ್ ಹೊಲಿಗೆ ಹೆಂಡತಿಗೆ. “ಬೋರ್ಡೇ ಇಲ್ಲದ ಅಂಗಡೀನ ಹೇಗಮ್ಮಾ ನಂಬೋದು?” ಎಂದು ಅವರು ಫೋನಿನಲ್ಲೇ ಕೇಳಿಯಾಗಿತ್ತು.

“ತಿಂಡಿ ಆದ್ಮೇಲೆ ಹಾಕ್ತೀನಿ,” ಎಂದ ನಾಳೆಯಪ್ಪ, ತಿಂಡಿಯಾದ ಮೇಲೆ ಸೋಫಾದ ತೋಳಿನ ಮೇಲೆ ಒಂದೇ ಒಂದು ಗಳಿಗೆ ತಲೆಯಿಟ್ಟ. ಎದ್ದಾಗ ಮಧ್ಯಾಹ್ನ ಕಳೆದಿತ್ತು. ಮೈಯೆಲ್ಲ ಎದ್ದಿತು, ತಲೆ ಮಾತ್ರ ಭುಜ ಹೇಳುವ ಗುಟ್ಟು ಕೇಳುವಂತೆ ಎಡಕ್ಕೇ ವಾಲಿಕೊಂಡಿತ್ತು.

“ಲೇ, ಕತ್ತು ಹಿಡ್ಕೊಂಡಿದೆ ಕಣೇ!”

“ಸದ್ಯ! ನಿಮ್ಮ ಮೈಯಲ್ಲಿ ಹಿಡಿದದ್ದನ್ನ ಬಿಡದೇ ಇರೋ ಛಲ ಕತ್ತಿಗಾದ್ರೂ ಇದೆಯಲ್ಲ,” ಎಂದಳು ಹೆಂಡತಿ. ನಗಬೇಕೆಂದಿದ್ದಳು, ಕಣ್ಣು ತುಂಬಿಕೊಂಡಿತು.

ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕರೆಯದೆಯೇ ತೋಳು ಮಡಿಸಿಕೊಂಡು ಬಂದರು. “ಒಂದು ಜಗ್ಗು ಜಗ್ಗಿದ್ರೆ ಅಟೆನ್ಷನ್‌ಗೆ ಬರುತ್ತೆ!” ಜಗ್ಗಿದರು. ನಾಳೆಯಪ್ಪ ಕಿರುಚಿದ ಕಿರುಚಿಗೆ ಬೇಕರಿಯ ಮುಂದಿನ ನಾಯಿ ಬಾಯಲ್ಲಿದ್ದ ಬಿಸ್ಕತ್ತನ್ನು ಬಿಟ್ಟು ಓಡಿತು.

ಮಹಡಿಮನೆಯ ಫಿಸಿಯೋಥೆರಪಿ ಹುಡುಗಿ ದಡದಡ ಇಳಿದು ಬಂದಳು. “ಬಿಡಿ ಮೇಷ್ಟ್ರೇ! ಕತ್ತಿನ ಎರಡೂ ಪಕ್ಕ, ಕಿವಿ ಹಿಂದಿನಿಂದ ಎದೆವರೆಗೆ, ಹಗ್ಗದ ಥರ ಒಂದೊಂದು ಸ್ನಾಯು ಇರುತ್ತೆ. ಸ್ನಾಯುಗೆ ಎಳೆಯೋದೊಂದೇ ಗೊತ್ತು, ತಳ್ಳೋಕೆ ಬರಲ್ಲ. ಒಂದು ಎಳೆದಾಗ ಇನ್ನೊಂದು ಸಡಿಲ ಬಿಡ್ಬೇಕು. ಇವರ ಎಡಗಡೇದು ಎಳ್ಕೊಂಡು ಕೂತಿದೆ, ಬಿಡ್ತಾ ಇಲ್ಲ.”

“ನನ್ನ ಓರಗಿತ್ತಿ ಥರ,” ಎಂದಳು ಹೆಂಡತಿ.

“ಹಂಗಾದ್ರೆ ಬಲಗಡೆಗೆ ನಾನು ಎಳೀತೀನಿ,” ಎಂದರು ಮೇಷ್ಟ್ರು.

“ಎಳೆದಷ್ಟೂ ಅದು ಹೆದರಿ ಗಟ್ಟಿ ಹಿಡ್ಕೊಳ್ಳುತ್ತೆ, ಸಂತೆಯಲ್ಲಿ ಅಮ್ಮನ ಬೆರಳು ಹಿಡಿದ ಮಗು ಹಾಗೆ. ಬಿಸಿ ಬಟ್ಟೆಯಲ್ಲಿ ಶಾಖ ಕೊಡಿ, ತಾನೇ ಬಿಡುತ್ತೆ.”

ನಾಳೆಯಪ್ಪ ಹೆಂಡತಿಯ ಒದ್ದೆ ಕಣ್ಣು ನೋಡಿದ. ಬಾಳಿನಲ್ಲಿ ಮೊದಲ ಸಲ ಅವನ ಬಾಯಿಂದ ಬೇರೊಂದು ಮಾತು ಬಂತು: “ಶಾಖ ಆಮೇಲೆ. ಬೋರ್ಡು ಮೊದಲು.”

ಸ್ಟೂಲು ಹತ್ತಿದ. ಮೊಳೆ ಹೊಡೆದ. ಬೋರ್ಡು ತೂಗುಹಾಕಿ ಹೆಮ್ಮೆಯಿಂದ ನೋಡಿದ.

“ಎಡಗಡೆ ಎತ್ತು! ಇನ್ನೂ ಎತ್ತು!” ಮೇಷ್ಟ್ರು ಕೆಳಗಿನಿಂದ ಪೆರೇಡು ಮಾಡಿಸಿದರು.

“ನೆಟ್ಟಗೇ ಇದೆಯಲ್ಲ! ಮನೇನೇ ಓರೆ ಕಟ್ಟಿದ್ದಾರೆ.”

“ಇಳೀರಿ,” ಎಂದಳು ಹೆಂಡತಿ. ಬೆಂಚಿನ ಮೇಲೆ ಕೂರಿಸಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕತ್ತಿಗೆ ಸುತ್ತಿದಳು. ಮತ್ತೆ ಸುತ್ತಿದಳು. ಹಠ ಮಾಡಿ ಅತ್ತ ಮಗು ನಿದ್ದೆಗೆ ಜಾರುವಂತೆ ಸ್ನಾಯು ಮೆಲ್ಲಮೆಲ್ಲನೆ ಸಡಿಲಾಯಿತು. ತಲೆ ನೆಟ್ಟಗಾಯಿತು. ನಾಳೆಯಪ್ಪ ಬೋರ್ಡು ನೋಡಿ ಹೌಹಾರಿದ.

“ಅಯ್ಯೋ! ಯಾರ್ರೀ ಇದನ್ನ ಹಾಕಿದ್ದು?”

“ಕತ್ತು ಮೇಲೆತ್ತಬೇಡಿ ಅಂಕಲ್, ಮತ್ತೆ ಹಿಡಿಯುತ್ತೆ,” ಎಂದು ಹುಡುಗಿ ಹೇಳುವಷ್ಟರಲ್ಲಿ ಅವನು ಸ್ಟೂಲಿನ ಮೇಲಿದ್ದ. ಮೊಳೆ ಕಿತ್ತು, ಎಡ ತುದಿ ಎತ್ತಿ, ದಾರ ಹಿಡಿದು ಅಳೆದು, ಗೆರೆ ಎಳೆದಷ್ಟು ನೆಟ್ಟಗೆ ಕೂರಿಸಿದ. ಮೇಷ್ಟ್ರು ಸೆಲ್ಯೂಟ್ ಹೊಡೆದರು. ಹೆಂಡತಿ ನಕ್ಕಳು.

ಆಗ ಆಟೋ ಬಂದು ನಿಂತಿತು. ಹೆಡ್‌ಮಿಸ್ ಇಳಿದರು. ಆಟೋ ಹತ್ತುವ ಮೊದಲು ಬಸ್ಸಿನಲ್ಲಿ ಕಿಟಕಿಗೊರಗಿ ನಿದ್ದೆಹೋಗಿದ್ದರಂತೆ. ಅವರ ತಲೆ ಎಡಭುಜದ ಮೇಲೆ ವಾಲಿತ್ತು.

ಹಾಗೇ ನಿಂತು ಬೋರ್ಡು ನೋಡಿದರು. ಹುಬ್ಬು ಗಂಟಿಕ್ಕಿದರು.

“ಏನಮ್ಮಾ ಇದು, ಎಡಗಡೆ ಇಷ್ಟು ಎತ್ತರ? ಬೋರ್ಡನ್ನೇ ಸೊಟ್ಟ ಹಾಕಿದವರು ಕಾಲರ್ ನೆಟ್ಟಗೆ ಹೊಲೀತೀರಾ?”

ಹುಡುಗಿ ಬಾಯಿ ತೆರೆದಳು. “ಮೇಡಂ, ಸ್ವಲ್ಪ ಶಾಖ...”

ಹೆಂಡತಿ ಅವಳ ಕೈ ಅದುಮಿದಳು. “ಶಾಖ ಆಮೇಲೆ. ಆರ್ಡರ್ ಮೊದಲು,” ಎಂದು ಪಿಸುಗುಟ್ಟಿ ಗಂಡನತ್ತ ನೋಡಿದಳು.

ನಾಳೆಯಪ್ಪ ಮತ್ತೆ ತಲೆಯೆತ್ತಿದ, ಮೊಳೆ ಕಿತ್ತ, ಎಡ ತುದಿ ಇಳಿಸಿದ.

“ಇನ್ನೂ... ಇನ್ನೊಂಚೂರು... ಸಾಕು!” ಹೆಡ್‌ಮಿಸ್ ಮುಖ ಅರಳಿತು. “ಅಬ್ಬಾ, ಈ ಬೀದಿಯಲ್ಲಿ ನೆಟ್ಟಗಿರೋದು ಇದೊಂದೇ. ನಾಳೆಯೇ ಬಂದು ಮಕ್ಕಳ ಅಳತೆ ತಗೊಳ್ಳಿ.”

“ಯಸ್ ಮೇಡಂ!” ಮೇಷ್ಟ್ರು ಕೂಡ ತಲೆ ವಾಲಿಸಿ ಒಪ್ಪಿದರು.

ನಾಳೆಯಪ್ಪ ಸ್ಟೂಲಿನಿಂದ ಇಳಿದ. ತಲೆ ನೆಟ್ಟಗಾಗಲಿಲ್ಲ, ಮತ್ತೆ ಎಡಭುಜದ ಬಳಿ ಗಟ್ಟಿಯಾಗಿ ನಿಂತಿತ್ತು. ಹೆಂಡತಿ ಈಗ ಎರಡು ಬಟ್ಟೆ ಬಿಸಿಮಾಡಿ ತಂದು, ಗಂಡನನ್ನೂ ಹೆಡ್‌ಮಿಸ್ಸನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಕೂರಿಸಿದಳು.

“ಲೇ,” ನಾಳೆಯಪ್ಪ ಅವಳ ಕಿವಿಯಲ್ಲಿ ಕೇಳಿದ, “ಇವರ ಕತ್ತು ಸರಿಹೋದ್ರೆ ಬೋರ್ಡಿನ ಗತಿ?”

ಹೆಂಡತಿ ಬಟ್ಟೆಯನ್ನು ಅವನ ಕತ್ತಿಗೆ ಸುತ್ತಿ, ಮೆತ್ತಗೆ ಒತ್ತಿ ಹೇಳಿದಳು:

“ಮತ್ತೆ ಸ್ಟೂಲು ಹತ್ತೀರಂತೆ ಬಿಡಿ. ನಾಳೆ.”